ನೇರಳೆ ನೀರು ಮತ್ತು ಕಾಗೆ ಎಂಜಲು

ಭಟ್ಕಳದ ನಾದಿನಿ ಎರಡನೇ ಬಾಣಂತನಕ್ಕೆಂದು ಹೊನ್ನಾವರಕ್ಕೆ, ನಮ್ಮಲ್ಲಿಗೆ ಬಂದಿದ್ದಳು. ಅವಳ ನಾಲ್ಕು ವರ್ಷದ ಮಗಳು ಇಡೀ ದಿನ ನನ್ನ ಸೆರಗು ಹಿಡಿದೇ ಓಡಾಡುತ್ತಿದ್ದಳು. ಅದೇ ಸಮಯಕ್ಕೆ ನನಗೆ ಮಂಗನಬಾವು ಬಂತು. ಎರಡೂ ಕಿವಿಯ ಕೆಳಗೆ ಊದಿಕೊಂಡು, ಕನ್ನಡಿಯಲ್ಲಿ ನನ್ನ ಮುಖ ನನಗೇ ಗುರುತು ಸಿಗುತ್ತಿರಲಿಲ್ಲ.

ಅತ್ತೆಯವರು ನನ್ನ ತಟ್ಟೆ, ಲೋಟ ಬೇರೆ ಇಟ್ಟರು. "ಮಗೂನ ಹತ್ರ ಸೇರಿಸ್ಬೇಡ," ಅಂದರು.

ನನಗೆ ಮಾತ್ರ ಹೆದರಿಕೆ ಇರಲಿಲ್ಲ. ಕಾನ್ವೆಂಟಿನಲ್ಲಿ ಯಾರಿಗಾದರೂ ಗಂಟಲು ನೋವು ಬಂದರೆ ಸಿಸ್ಟರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಪರ್ಮಾಂಗನೇಟಿನ ಎರಡು ಹರಳು ಕರಗಿಸಿದ ನೇರಳೆ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳುತ್ತಿದ್ದರು. ಆ ನೀರು ಬಾಯಿಗೆ ಬಿದ್ದಮೇಲೆ ರೋಗ ಉಳಿಯುವುದಿಲ್ಲವೆಂದು ನಾನು ನಂಬಿದ್ದೆ. ಬಚ್ಚಲಿನಲ್ಲಿ ದಿನಕ್ಕೆ ಮೂರು ಸಲ ಮುಕ್ಕಳಿಸುತ್ತಿದ್ದೆ.

"ನಿನ್ನ ಸಿಸ್ಟರು ಕಲಿಸಿದ ಮಡಿಯೋ ಇದು?" ಎಂದು ಅತ್ತೆಯವರು ನಕ್ಕಿದ್ದರು.

ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಹುಡುಗಿ ಶೇಂಗಾ ಚಿಕ್ಕಿ ಹಿಡಿದು ಬಂದಳು. ಅವಳ ಹಲ್ಲಿಗೆ ಅದು ಮುರಿಯಲಿಲ್ಲ.

"ಅತ್ತೆ, ಕಾಗೆ ಎಂಜಲು ಮಾಡಿ ಕೊಡು."

ಬಟ್ಟೆ ಮುಚ್ಚಿ ಕಚ್ಚಿದರೆ ಅದು ಎಂಜಲಲ್ಲ, ಬರೀ ಕಾಗೆ ಎಂಜಲು. ಶಾಲೆಯಲ್ಲಿ ಪೇರಲೆಹಣ್ಣನ್ನು ನಾವು ಹಂಚಿಕೊಂಡು ತಿಂದದ್ದೂ ಹಾಗೆಯೇ. ಆಗಷ್ಟೇ ಬಾಯಿ ಮುಕ್ಕಳಿಸಿದ್ದೆ. ಔಷಧಿ ಒಂದು, ಬಟ್ಟೆ ಒಂದು, ಇನ್ನೆಂತ ಬೇಕು? ಚಿಕ್ಕಿಯನ್ನು ಸೆರಗಿನಲ್ಲಿ ಸುತ್ತಿ ಕಚ್ಚಿದೆ. ದವಡೆ ಚಳಕ್ ಎಂದಿತು, ಬಾಯಿ ತುಂಬ ನೀರು ಊರಿತು. ಬಿಡಿಸಿ ನೋಡಿದರೆ ಸೆರಗು ಒದ್ದೆ, ಚಿಕ್ಕಿಯೂ ಒದ್ದೆ. ನೋಡಿದೆ. ನೋಡಿಯೂ ಕೊಟ್ಟೆ.

ಮೂರನೇ ವಾರಕ್ಕೆ ಅವಳ ಕೆನ್ನೆ ಊದಿತು. ಊತ ಇಳಿದ ಮೇಲೆ ಒಂದು ದಿನ ಬಳೆಗಾರ್ತಿ ಎಡಗಡೆಯಿಂದ ಕರೆದರೆ ಹುಡುಗಿ ಬಲಕ್ಕೆ ತಿರುಗಿ ಹುಡುಕಿದಳು. ನಾನೂ ಎಡಗಡೆ ನಿಂತು ಮೆಲ್ಲಗೆ ಕರೆದು ನೋಡಿದೆ, ಅವಳು ತಿರುಗಲಿಲ್ಲ.

ಕುಮಟೆಯ ಡಾಕ್ಟರು ಪರೀಕ್ಷೆ ಮಾಡಿ, ಮಂಗನಬಾವಿನಿಂದ ಕೆಲವರಿಗೆ ಹೀಗಾಗುತ್ತದೆ, ಎಡಗಿವಿ ಮತ್ತೆ ಕೇಳಿಸಲಿಕ್ಕಿಲ್ಲ ಎಂದರು. ನಾದಿನಿ ಕೂಸನ್ನು ಎತ್ತಿಕೊಂಡು, ಹುಡುಗಿಯನ್ನೂ ಕರೆದುಕೊಂಡು ಹೊರಗೆ ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ, "ಪರ್ಮಾಂಗನೇಟ್ ನೀರಿನಲ್ಲಿ ಮುಕ್ಕಳಿಸಿದರೆ ಬಾಯಲ್ಲಿರುವ ರೋಗ ಸಾಯುವುದಿಲ್ಲವಾ?"

"ಸ್ವಲ್ಪ ಹೊತ್ತು ಕಡಿಮೆ ಆಗಬಹುದೋ ಏನೋ ಅಮ್ಮಾ. ಆದರೆ ಈ ರೋಗದ ವೈರಸ್ ಇರುವುದು ಎಂಜಲು ಊರುವ ಗ್ರಂಥಿಯಲ್ಲೇ. ತೊಳೆದ ಬಾಯಿಗೆ ಮತ್ತೆ ಅದೇ ಎಂಜಲು ಬರುತ್ತದಲ್ಲ?"

ಒಂದೇ ಮನೆಯಲ್ಲಿದ್ದವರಿಗೆ ಹೇಗೂ ಅಂಟುತ್ತಿತ್ತು ಎಂದೂ ಅವರು ಹೇಳಿದರು. ಆ ಮಾತನ್ನು ಹಿಡಿದುಕೊಳ್ಳಲು ಬಹಳ ಪ್ರಯತ್ನಪಟ್ಟೆ. ಆದರೆ ಸೆರಗಿನಲ್ಲಿ ನೇರಳೆ ನೀರು ಒಣಗಿ ಉಳಿದ ಕಂದು ಕಲೆ ಎಷ್ಟು ಒಗೆದರೂ ಹೋಗಲಿಲ್ಲ. ನಾದಿನಿ ಮಾತ್ರ ನನ್ನ ಕೈ ಹಿಡಿದು, "ಅತ್ತಿಗೆ, ನೀವು ಇದ್ದದ್ದಕ್ಕೆ ಆತು," ಎಂದಳು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಬಾಣಂತನ ಮುಗಿದು ಅವರನ್ನು ಭಟ್ಕಳಕ್ಕೆ ಬಿಡಲು ಹೋದಾಗ, ಆಗಿನ್ನೂ ಸೇತುವೆಯಿರದ ಶರಾವತಿ ದಾಟುವ ಲಾಂಚಿನಲ್ಲಿ ಹುಡುಗಿ ನನ್ನ ಪಕ್ಕದಲ್ಲೇ ಕೂತಳು. ಎಂಜಿನ್ನಿನ ಸದ್ದಿನ ನಡುವೆ ಬಗ್ಗಿ ಅವಳ ಕಿವಿಯಲ್ಲಿ ಎಲ್ಲ ಹೇಳಿದೆ. ಚಿಕ್ಕಿ, ಸೆರಗು, ಒದ್ದೆ, ಎಲ್ಲ. ಉಸಿರು ತಾಗಿರಬೇಕು, ಅವಳು ಕತ್ತು ತಿರುಗಿಸಿ ಬಲಗಿವಿ ಕೊಟ್ಟು ಕೇಳಿದಳು:

"ಎಂತ ಅತ್ತೆ?"

"ಎಂತ ಇಲ್ಲ."

ಯಾವ ಪಕ್ಕದಲ್ಲಿ ಕೂರಬೇಕೆಂದು ಲಾಂಚು ಹತ್ತುವಾಗಲೇ ನಾನು ನೋಡಿಕೊಂಡಿದ್ದೆ.