ಸಿಲಿ ಮೂಲೆಯಲ್ಲಿ ಹಿಡಿದ ಮೀನು

ನಮ್ಮ ಭಾವ ರುಪೆರ್ತೊ ಸುಳ್ಳುಗಾರ ಎಂದು ಯಾರಾದರೂ ಅಂದಿದ್ದರೆ ಮೀನು ತೊಳೆದ ನೀರನ್ನು ಅವರ ಮುಖಕ್ಕೆ ಎರಚುತ್ತಿದ್ದೆ. ಅಕ್ಕ ಫೆಲಿಸಾಳನ್ನು ಕಟ್ಟಿಕೊಂಡ ನಲವತ್ತನಾಲ್ಕು ವರ್ಷದಲ್ಲಿ ಅವನು ಕುಡಿದು ಬಂದವನಲ್ಲ, ಇನ್ನೊಬ್ಬರ ಗಾಳ ಮುಟ್ಟಿದವನಲ್ಲ. ಮೀನು ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಮಾತ್ರ ನಿಜ ಹೇಳುತ್ತಿರಲಿಲ್ಲ. ಅದನ್ನು ನಮ್ಮ ಕಡಲತೀರದಲ್ಲಿ ಯಾರೂ ಹೇಳುವುದಿಲ್ಲ ಬಿಡಿ. ಪಡುವಣದಲ್ಲಿ ಹಿಡಿದು ಬಂದವನು ಗದ್ದ ಎತ್ತಿ ಬಡಗಣ ತೋರಿಸುತ್ತಾನೆ. ನಡುಗಡಲಲ್ಲಿ ಎರಡು ದೋಣಿ ಎದುರಾದರೂ ಮುಖ ತಿರುಗಿಸಿಕೊಂಡು ಸಾಗುತ್ತಾರೆ. ಊರಿಗೆ ಬಂದು 'ನಿನ್ನನ್ನು ಅಲ್ಲಿ ನೋಡಿದೆ' ಅನ್ನುವುದು ಮರ್ಯಾದೆಯಲ್ಲ.

ಭಾವ ಹನ್ನೊಂದನೇ ವಯಸ್ಸಿನಿಂದ ತನ್ನ ಅಪ್ಪನ ಜೊತೆ ಹೋಗುತ್ತಿದ್ದದ್ದು ದೋಣಿಯಲ್ಲಿ ಹದಿನಾಲ್ಕು ಗಂಟೆ ದೂರದ, ನಡುಗಡಲಿನ ಬುಹಾವಿ ದಿಬ್ಬಕ್ಕೆ. ಅದು ನಮಗೆ ತಿಳಿದದ್ದೇ ಮೂರು ವರ್ಷದ ಹಿಂದೆ. ಆಚೆಯ ದೊಡ್ಡ ದೇಶದ ಬಿಳಿ ಹಡಗುಗಳು ಅಲ್ಲಿ ಬೀಡುಬಿಟ್ಟು, ಪಂಪಿನಿಂದ ರಭಸದ ನೀರು ಚಿಮ್ಮಿಸಿ, ದೋಣಿ ಮಗುಚದಂತೆ ಪಕ್ಕಕ್ಕೆ ಕಟ್ಟಿದ್ದ ಬಿದಿರಿನ ರೆಕ್ಕೆ ಮುರಿದು, ಅವನನ್ನು ಅಟ್ಟಿಬಿಟ್ಟವು. ಆಮೇಲೆ ಭಾವ ಬುಹಾವಿಯ ಮುಖ ನೋಡಲಿಲ್ಲ. ಅಂಗಳದಲ್ಲಿ ಕೂತು ಹರಿಯದ ಬಲೆಯನ್ನೂ ಹೊಲಿಯುತ್ತಿದ್ದ. 

ನಮ್ಮ ಸರ್ಕಾರ ಆ ದೊಡ್ಡ ದೇಶದ ಮೇಲೆ ಹೊರದೇಶದ ನ್ಯಾಯಮಂಡಳಿಯಲ್ಲಿ ದಾವೆ ಹೂಡಿದಾಗ ಸರ್ಕಾರದ ಕಡೆಯ ಐಲೀನ್ ಎಂಬ ವಕೀಲೆ ಭಾವನಿಗೆ ಫೋನು ಮಾಡಿದಳು.

"ಆ ದಿಬ್ಬ ಯಾರದು ಅನ್ನೋದು ಬೇರೆ ಜಗಳ ಅಜ್ಜ. ತಲೆತಲಾಂತರದಿಂದ ಅಲ್ಲಿ ಮೀನು ಹಿಡಿದೋರನ್ನ ಓಡಿಸೋ ಹಾಗಿಲ್ಲ ಅಂತ ನಾವು ವಾದಿಸ್ತೀವಿ. ಆದ್ರೆ ಹಿಡಿದಿದ್ದಕ್ಕೆ ಪುರಾವೆ ಬೇಕು. ಬರೆದಿಟ್ಟದ್ದು ಏನಾದ್ರೂ ಇದೆಯಾ?"

"ಇದೆ. ಒಂದು ಡಬ್ಬಿ ತುಂಬ ಇದೆ. ನಮ್ಮಪ್ಪ ಬರೆದದ್ದು, ಆಮೇಲೆ ನಾನು ಬರೆದದ್ದು," ಅಂದ ಭಾವ. ಮೂರು ವರ್ಷದಲ್ಲಿ ಮೊದಲ ಸಲ ಅವನ ದನಿ ಎದ್ದಿತ್ತು.

ತಿಂಗಳು ಬಿಟ್ಟು ವಕೀಲೆ ಖುದ್ದಾಗಿ ಬಂದಳು. ಅಕ್ಕ ಹುರಿದ ಮೀನು, ಅನ್ನ, ಮೆಣಸು ಹಾಕಿದ ವಿನೆಗರ್ ಬಡಿಸಿದಳು. ಬಿಸ್ಕತ್ತಿನ ಡಬ್ಬಿಯಿಂದ ಭಾವ ಪುಸ್ತಕಗಳನ್ನು ಒಂದೊಂದಾಗಿ ತೆಗೆದಿಟ್ಟ. ಆಕೆ ತಿನ್ನುತ್ತಲೇ ಓದತೊಡಗಿದಳು: ತಾರೀಕು, ಮೀನು, ಜಾಗ. "ಸಿಲಿ ಮೂಲೆ. ಸಿಲಿ ಮೂಲೆ. ಹೊಳೆಬಾಯಿ. ಸಿಲಿ ಮೂಲೆ." ಇನ್ನೊಂದು ಪುಸ್ತಕ ತೆರೆದಳು, ಮತ್ತೊಂದು ತೆರೆದಳು.

ಸಿಲಿ ಮೂಲೆ ನಮ್ಮ ಜಗಲಿಯಿಂದಲೇ ಕಾಣುತ್ತದೆ. ಅಲ್ಲಿ ನಮ್ಮ ಹೆಂಗಸರು ಚಿಪ್ಪು ಹೆಕ್ಕುತ್ತಾರೆ.

"ಬುಹಾವಿ ಎಲ್ಲಿ ಅಜ್ಜ?"

"ಸಿಲಿ ಮೂಲೆ ಅಂತ ಬರೆದದ್ದೇ ಬುಹಾವಿ. ಹೆಸರು ಬರೆದ್ರೆ ಪಕ್ಕದ್ಮನೆ ಕನೋರನ ಅಪ್ಪ ಇಣುಕಿ ನೋಡ್ತಿದ್ನಲ್ಲ, ಅದಕ್ಕೆ ನಮ್ಮಪ್ಪ ಹಾಗೆ ಬರೀತಿದ್ದ. ನಾನೂ ಹಾಗೇ ಬರ್ದೆ."

ಆಕೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. "ಅಜ್ಜ, ನಿಮ್ಮ ಮಾತು ನಂಬಿ ಇವನ್ನ ಸಾಕ್ಷಿ ಪಟ್ಟಿಲಿ ಸೇರಿಸಿ ಕಳಿಸಿಬಿಟ್ಟಿದ್ದೀನಿ. ಈಗ ವಾಪಸ್ ತಗೊಂಡ್ರೆ ಮುಚ್ಚಿಟ್ರು ಅಂತಾರೆ."

ಭಾವನನ್ನು ಅಲ್ಲಿ ಕಂಡ ಸಾಕ್ಷಿಯಾದರೂ ಸಿಗಲಿ ಎಂದು ಆಕೆ ಕನೋರನ ಮನೆಗೆ ಓಡಿದಳು, ನಾನೂ ಹಿಂದೆಯೇ ಹೋದೆ. ಆ ಮಹರಾಯ ಹಲ್ಲಿಗೆ ಕಡ್ಡಿ ಆಡಿಸುತ್ತ, "ಬುಹಾವಿನಾ? ಆ ಕಡೆ ನಾನು ತಲೆ ಹಾಕಿ ಮಲಗಿದವನೂ ಅಲ್ಲ," ಅಂದ. ಅವನ ಗಾಳದ ದಾರದ ಉದ್ದ ನೋಡಿದರೆ ಸಾಕು, ದೂರದ ಆಳಕಡಲಿಗೇ ಹೋಗುತ್ತಿದ್ದನೆಂದು ಹೇಳಬಹುದು.

ವಿಚಾರಣೆ ನಮ್ಮೂರ ಪುರಭವನದಲ್ಲಿ, ವಿಡಿಯೋ ಪರದೆಯ ಮೇಲೆ ನಡೆಯಿತು. ಭಾವ ಇಸ್ತ್ರಿ ಅಂಗಿ ತೊಟ್ಟು, ಬೈಬಲ್ ಮುಟ್ಟಿ, ಪುಸ್ತಕದಲ್ಲಿರುವ ಜಾಗಗಳೆಲ್ಲ ಸುಳ್ಳು, ಹಿಡಿದದ್ದು ಬುಹಾವಿಯಲ್ಲಿ ಎಂದು ಒಪ್ಪಿಕೊಂಡ. ಎದುರು ಪಕ್ಷದ ವಕೀಲ ಬಹಳ ಮೆತ್ತಗಿನ ಮನುಷ್ಯ. ದುಭಾಷಿ ಅವನ ಮಾತು ಹೇಳಿದ: "ಆ ದಿಬ್ಬ ಉಳಿಸಿಕೊಳ್ಳೋಕೆ ನೀವೂ ನಿಮ್ಮ ತಂದೆಯೂ ಅರವತ್ತು ವರ್ಷ ಸ್ವಂತ ಊರಿನವರಿಗೇ ಸುಳ್ಳು ಹೇಳಿದ್ರಿ. ಇವತ್ತು ಬಂದಿರೋದೂ ದಿಬ್ಬ ಉಳಿಸಿಕೊಳ್ಳೋಕೆ ತಾನೇ?"

"ಹೌದು," ಅಂದ ಭಾವ.

ಆ ವಕೀಲ ಧನ್ಯವಾದ ಹೇಳಿ ಕೂತುಬಿಟ್ಟ. ದಿಬ್ಬಕ್ಕಾಗಿ ಅಷ್ಟು ವರ್ಷ ಸುಳ್ಳು ಹೇಳಿದವನ ಇವತ್ತಿನ ಮಾತನ್ನು ಇನ್ನು ಯಾರು ನಂಬುತ್ತಾರೆ? ಅಕ್ಕ ಪಿಳಿಪಿಳಿ ನೋಡುತ್ತ, "ಮುಗೀತಾ? ಅಷ್ಟೇನಾ?" ಎಂದು ನನ್ನ ತೋಳು ಜಗ್ಗಿದಳು.

ಹೊರಗೆ ಮೆಟ್ಟಿಲ ಬಳಿ ಕನೋರ್ ನಿಂತಿದ್ದ. ಹಿಂದಿನ ಬೆಂಚಿನಲ್ಲಿ ಕೂತು ಎಲ್ಲ ಕೇಳಿದ್ದನಂತೆ.

"ನಾಳೆ ನಾನು ಸಾಕ್ಷಿ ಹೇಳ್ತೀನಿ ಕಣೋ ರುಪೆರ್ತೊ," ಅಂದ. "ಮೂವತ್ತು ವರ್ಷ ನೋಡಿದ್ದೀನಿ ನಿನ್ನ. ದಿಬ್ಬದ ಮೂಡಣದ ಅಂಚಲ್ಲಿ, ಕರಿ ಬಂಡೆ ಪಕ್ಕದಲ್ಲೇ ನೀನು ಲಂಗರು ಹಾಕ್ತಿದ್ದೆ. ಅಲ್ವಾ?"

ವಕೀಲೆ ಪೆನ್ನು ತೆಗೆದು ಓಡಿಬಂದಳು. ಅಕ್ಕ ಶಿಲುಬೆಯ ಗುರುತು ಹಾಕಿಕೊಂಡಳು.

ಭಾವ ಕನೋರನನ್ನು ಮೇಲಿಂದ ಕೆಳಗೆ ನೋಡಿದ. ಗದ್ದ ತಾನಾಗಿ ಬಡಗಣಕ್ಕೆ ತಿರುಗಿತು.

"ನಾನಾ? ಬೇರೆ ಯಾರನ್ನೋ ನೋಡಿರ್ತೀಯ," ಅಂದ. "ನಾನು ಹೋಗ್ತಿದ್ದದ್ದು ಸಿಲಿ ಮೂಲೆಗೆ."