ಭೂಮಿ ಕಾಯಾಕತ್ತೈತಿ

ಇಳಕಲ್ಲಿನಲ್ಲಿ ಭೂಮಿ ಒಂದೇ ವರ್ಷಕ್ಕೆ ಎರಡು ಡಿಗ್ರಿಗೂ ಹೆಚ್ಚು ಬಿಸಿಯಾದದ್ದನ್ನು ಕಂಡುಹಿಡಿದವಳು ನಾನು. ಈ ಸಂಗತಿ ಯಾವ ಪುಸ್ತಕದಲ್ಲಿಯೂ ದಾಖಲಾಗಿಲ್ಲ. ಆಗದೇ ಇದ್ದದ್ದಕ್ಕೆ ಸರಿಯಾದ ಕಾರಣವಿದೆ. ಅದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾದವು, ಏಕೆಂದರೆ ನನ್ನ ಬಗ್ಗೆ ನಾನೇ ಮಾತಾಡುವ ರೂಢಿ ನನಗಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಭೂಗೋಳದ ಎಂ.ಎ. ಮುಗಿಸಿ ಇಳಕಲ್ಲಿನ ಒಂದು ಹೈಸ್ಕೂಲಿಗೆ ಶಿಕ್ಷಕಿಯಾಗಿ ಬಂದಿದ್ದೆ. ಓದುವಾಗ ಗ್ರಂಥಾಲಯದಲ್ಲಿ ಯಾವುದೋ ಹಳೆಯ ಪತ್ರಿಕೆಯಲ್ಲಿ ಒಂದು ಲೇಖನ ನೋಡಿದ್ದೆ. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆಯೊಳಗಿನ ಅನಿಲ ಗಾಳಿಯಲ್ಲಿಯೇ ಉಳಿಯುತ್ತದೆ, ನೆಲದ ಶಾಖವನ್ನು ಹೊರಗೆ ಹೋಗಗೊಡುವುದಿಲ್ಲ, ಹೀಗೇ ಸಾಗಿದರೆ ಮುಂದೊಂದು ದಿನ ಅದನ್ನು ನಿಲ್ಲಿಸುವುದು ಕೈಮೀರುತ್ತದೆ ಎಂದಿತ್ತು. ನಮ್ಮ ಪ್ರಾಧ್ಯಾಪಕರಿಗೆ ಕೇಳಿದೆ. "ಅದು ನಿಮ್ಮ ಕಾಲಕ್ಕ ಬರೂದಲ್ಲ, ಪರೀಕ್ಷಾಕ್ಕ ಬರೂದೂ ಅಲ್ಲ, ಬಿಡ್ರಿ," ಎಂದರು. ನಾನು ಬಿಡಲಿಲ್ಲ. ಮೊದಲ ಪಗಾರದಲ್ಲಿ ಹುಬ್ಬಳ್ಳಿಯಿಂದ ಒಂದು ಥರ್ಮಾಮೀಟರ್ ತರಿಸಿದೆ. ಬೇರೆ ಹುಡುಗಿಯರು ಮೊದಲ ಪಗಾರಕ್ಕೆ ಸೀರೆ ಕೊಳ್ಳುತ್ತಾರೆ. ನಾನು ಸೀರೆ ನೇಯುವವರ ಮನೆಯಲ್ಲಿಯೇ ಬಾಡಿಗೆಗಿದ್ದು ಗಾಜಿನ ಕಡ್ಡಿ ಕೊಂಡೆ.

ಆ ಮನೆಯ ಯಜಮಾನತಿಯನ್ನು ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರ ಮಗ ನೇಕಾರ. ಅಂಗಳದ ಒಂದು ಬದಿಗೆ ಮಗ್ಗದ ಕೋಣೆ, ಅಲ್ಲಿ ಅವನ ಜೊತೆ ಇನ್ನಿಬ್ಬರು ನೇಯುತ್ತಿದ್ದರು. ಎದುರು ಬದಿಗೆ ನನ್ನ ಕೋಣೆ. ನಡುವೆ ಒಂದು ದೊಡ್ಡ ಬೇವಿನ ಗಿಡ. ಅದರ ನೆರಳಲ್ಲಿ ಕೂತು ಆಯಿ ದಿನವಿಡೀ ರಾಟಿ ತಿರುಗಿಸಿ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಆ ಗಿಡದ ಬುಡದಲ್ಲಿಯೇ ಸ್ನಾನದ ನೀರಿನ ಒಲೆ, ಅದರ ಮೇಲೆ ಹಂಡೆ. ಬಚ್ಚಲು ಹಿತ್ತಲಲ್ಲಿ. ಬಿಸಿನೀರು ಬೇಕಾದವರು ಬಕೆಟ್ ಹಿಡಿದು ಮಗ್ಗದ ಕೋಣೆಯ ಮುಂದಿನಿಂದ ಅಂಗಳ ದಾಟಬೇಕು.

ನನ್ನ ಕೋಣೆಯ ಪಕ್ಕ ಒಂದು ಇಕ್ಕಟ್ಟಾದ ಸಂದಿಯಿತ್ತು. ಅಲ್ಲಿಯ ಗೋಡೆ ಉತ್ತರಕ್ಕೆ ಮುಖ ಮಾಡಿತ್ತು, ಬಿಸಿಲು ಬೀಳುತ್ತಿರಲಿಲ್ಲ. ಪುಸ್ತಕದಲ್ಲಿ ಹೇಳಿದ ಎತ್ತರಕ್ಕೆ ಮೊಳೆ ಹೊಡೆದು ಥರ್ಮಾಮೀಟರ್ ತೂಗುಹಾಕಿದೆ. ದಿನಾ ಬೆಳಿಗ್ಗೆ ಆರೂವರೆಗೆ ನೋಡಿ ವಹಿಯಲ್ಲಿ ಬರೆಯುವುದು, ಆಮೇಲೆ ಸ್ನಾನ. ಬೆಳಗಿನ ಹೊತ್ತೇ ಏಕೆಂದರೆ, ಆ ಅನಿಲದ ಹೊದಿಕೆಯ ಬಿಸಿ ಗೊತ್ತಾಗುವುದು ನಸುಕಿನಲ್ಲಿ ಎಂಬುದು ನನ್ನ ಸ್ವಂತ ತರ್ಕ. ಆ ತರ್ಕದ ಬಗ್ಗೆ ನನಗೆ ಬಹಳ ಅಭಿಮಾನವಿತ್ತು.

ಮೊದಲನೆಯ ವರ್ಷ ಹೇಳುವಂಥದ್ದೇನೂ ಆಗಲಿಲ್ಲ. ಎರಡನೆಯ ವರ್ಷದ ಮಾಗಿಯಲ್ಲಿ ಅಂಕಿಗಳು ಏರತೊಡಗಿದವು. ಹಿಂದಿನ ವರ್ಷದ ಅದೇ ತಿಂಗಳ ಪುಟ ತೆರೆದು ಪಕ್ಕದಲ್ಲಿಟ್ಟು ನೋಡಿದೆ. ಎರಡು ಡಿಗ್ರಿ, ಕೆಲವು ದಿನ ಅದಕ್ಕೂ ಮೇಲೆ. ಅಂಚಿನಲ್ಲಿ ಕೆಂಪು ಮಸಿಯಿಂದ 'ಗಮನಾರ್ಹ' ಎಂದು ಬರೆದೆ. ಯಾರಿಗಾದರೂ ಹೇಳದೇ ಇರುವುದು ಸಾಧ್ಯವಾಗಲಿಲ್ಲ. ಹತ್ತಿರದಲ್ಲಿದ್ದವರು ಆಯಿ.

"ಆಯಿ, ಭೂಮಿ ಕಾಯಾಕತ್ತೈತ್ರಿ," ಎಂದೆ.

ಆಯಿ ರಾಟಿ ನಿಲ್ಲಿಸಲಿಲ್ಲ. "ಯಾರ ಹಾದಿ?"

"ಯಾರ ಹಾದೀನೂ ಅಲ್ರಿ. ನೀರು ಕಾಯ್ತಾವಲ್ಲ, ಹಂಗ."

"ಹಂಗಾರ ಒಲಿ ಎಲ್ಲೈತಿ?"

ಒಲೆ ಜಗತ್ತಿನ ತುಂಬ ಇದೆ ಎಂದೆ. ಕಾರ್ಖಾನೆ, ಮೋಟಾರು, ಅವುಗಳ ಹೊಗೆ ಭೂಮಿಗೆ ಕೌದಿ ಹೊದಿಸಿದ ಹಾಗೆ ಕೂತಿದೆ ಎಂದು ವಿವರಿಸಿದೆ.

"ಕೌದಿ ಹೊಚ್ಚಿದ್ರ ಬೆವರು ಬಿಡತೈತಿ, ಜ್ವರಾ ಇಳೀತೈತಿ. ನಮ್ಮವ್ವ ಹಂಗ ಮಾಡತಿದ್ಲು."

"ಇದು ಇಳಿಯೂ ಜ್ವರಾ ಅಲ್ರಿ ಆಯಿ. ಕೌದಿ ತಗಿಯಾಕ ಭೂಮಿಗೆ ಕೈ ಇಲ್ಲ."

"ಪಾಪ," ಎಂದರು ಆಯಿ, ಮತ್ತು ಹೊಸ ಕಂಡಿಕೆ ಹಚ್ಚಿದರು.

ಅದೇ ದಿನಗಳಲ್ಲಿ ಅವರ ಮಗ ಅಂಗಳದಲ್ಲಿ ತಗಡಿನ ಶೆಡ್ ಹಾಕುವ ಮಾತು ಎತ್ತಿದ. ಇನ್ನೆರಡು ಮಗ್ಗ ಹೂಡಬೇಕು, ಬೇವಿನ ಗಿಡ ಅಡ್ಡ ಬರುತ್ತದೆ. "ಯುಗಾದಿಗೆ ಹೂವು ಬೇಕಂತ ಬಿಟ್ಟೇನಿ. ಹಬ್ಬ ಮುಗದ ಮರುದಿನ ಕಡಿಸಿಬಿಡ್ತೇನಿ," ಎಂದ. ಅಲ್ಲಿಂದ ಮುಂದೆ ದಿನದಿಂದ ದಿನಕ್ಕೆ ಆಯಿಯ ರಾಟಿ ಬೊಡ್ಡೆಯ ಕಡೆಗೆ ಸರಿಯುತ್ತಿತ್ತು. ಒಂದು ವಾರದಲ್ಲಿ ಅವರ ಬೆನ್ನು ಗಿಡಕ್ಕೆ ಹತ್ತಿತು.

ಅದನ್ನು ನೋಡಲಾರದೆ ನಾನು ನನ್ನ ಜೀವನದ ಮೊದಲ ಸಾರ್ವಜನಿಕ ಭಾಷಣ ಮಾಡಿದೆ. ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತು, ವಹಿ ತೆರೆದು, ನಿಮ್ಮ ಅಂಗಳದ ಬೆಳಗಿನ ತಾಪ ಒಂದು ವರ್ಷದಲ್ಲಿ ಇಷ್ಟು ಏರಿದೆ, ಇಂಥ ಕಾಲದಲ್ಲಿ ಇದ್ದ ಒಂದು ಗಿಡವನ್ನೂ ಕಡಿಯುವುದೇ ಎಂದೆ. ಆಯಿಯ ಮಗ ವಹಿ ಮುಟ್ಟುವ ಮೊದಲು ಕೈ ತೊಳೆದುಕೊಂಡು ಬಂದ. ಪುಟ ತಿರುವಿದ. ಕೆಂಪು ಮಸಿಯ ಹತ್ತಿರ ಬೆರಳಿಟ್ಟು ನಿಂತ.

"ಅಕ್ಕೋರು ಬರದಾರಂದ್ರ ಖರೆ ಇರಬೇಕು. ಆದ್ರೂ ಒಂದು ಮಾತು ಕೇಳ್ತೇನ್ರಿ. ಈ ಒಂದು ಗಿಡಾ ಬಿಟ್ರ ಅದು ನಿಲ್ಲತೈತೇನ್ರಿ? ಏನ್ ಹೊತ್ತು ಮೀರಿ ಹೋಗೈತಿ?"

"ಈಗಲೂ ಹೊತ್ತು ಮೀರಿಲ್ಲ. ಎಲ್ಲರೂ ಎಚ್ಚೆತ್ತುಕೊಂಡರೆ ಸಾಧ್ಯವಿದೆ," ಎಂದೆ.

ಒಳಗಿನಿಂದ ಒಬ್ಬ ನೇಕಾರ ಇನ್ನೊಬ್ಬನಿಗೆ ಹೇಳಿದ್ದು ಕೇಳಿಸಿತು. "ಅಕ್ಕೋರು ಥೇಟ್ ರೇಡಿಯೋದಾಗ ಮಾತಾಡಿದಂಗ ಮಾತಾಡ್ತಾರಲೇ."

ಆದರೂ ಶೆಡ್ಡಿನ ಮಾತು ನಿಂತಿತು. ಅಷ್ಟೇ ಅಲ್ಲ, ತನ್ನ ಮನೆಯ ಗೋಡೆಯಲ್ಲಿ ಭೂಮಿಯ ಜ್ವರ ಅಳೆಯುತ್ತಾರೆ ಎಂದು ಅವನು ಓಣಿಗೆಲ್ಲ ಹೇಳಿಕೊಂಡು ಬಂದ. ಸಂಜೆ ಒಬ್ಬಾಕೆ ಕೂಸನ್ನು ಎತ್ತಿಕೊಂಡು ಬಂದಳು. ಇದು ಆ ಥರ್ಮಾಮೀಟರ್ ಅಲ್ಲ ಎಂದು ನಾನು ಹೇಳಿದರೆ, "ಅಷ್ಟು ದೊಡ್ಡ ಭೂಮಿಗೆ ನೋಡ್ತೀರಂತ, ಗೇಣುದ್ದ ಕೂಸಿಗೆ ನೋಡಾಕ ಏನ್ರಿ?" ಎಂದಳು. ಕೂಸಿನ ಹಣೆ ಮುಟ್ಟಿ, ಸುಡುತ್ತಿಲ್ಲ ಎಂದು ಹೇಳಿ ಕಳಿಸಿದೆ. ಒಳಗೊಳಗೆ ಹಿಗ್ಗಿದ್ದೆ, ಸುಳ್ಳೇಕೆ ಹೇಳಲಿ.

ಸಂಕ್ರಾಂತಿಯ ರಜೆಗೆ ಬಾಗಲಕೋಟೆಗೆ ಚಿಗವ್ವನ ಮನೆಗೆ ಹೋದೆ. ಕಟ್ಟುತ್ತಿದ್ದ ಅಣೆಕಟ್ಟಿನ ನೀರು ಬಂದಾಗ ಅವರ ಓಣಿ ಪೂರ್ತಿ ಮುಳುಗುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಯಾವಾಗ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಚಿಗವ್ವ ಏಣಿ ಹತ್ತಿ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು.

"ಮುಳುಗೂ ಮನಿಗೆ ಸುಣ್ಣ ಯಾಕ ಚಿಗವ್ವ?"

"ಇವತ್ತೇನ್ ಮುಳುಗಿಲ್ಲಲಾ. ಬಾ, ಏಣಿ ಹಿಡಿ."

ಏಣಿ ಹಿಡಿದುಕೊಂಡೇ ಅವಳಿಗೆ ಭವಿಷ್ಯವನ್ನು ಎದುರಿಸುವ ವೈಜ್ಞಾನಿಕ ಮನೋಭಾವದ ಬಗ್ಗೆ ಹೇಳಿದೆ. ಅವಳು ಮೇಲಿನಿಂದ ನನ್ನ ಜಡೆಯ ಮೇಲೆ ಎರಡು ಹನಿ ಸುಣ್ಣ ಬೀಳಿಸಿದಳು. ಬೇಕೆಂದೇ ಬೀಳಿಸಿದಳೆಂದು ನನ್ನ ಈಗಿನ ಅನುಮಾನ. ಮರುದಿನ ಹುನಗುಂದದ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ ವಾಪಸು ಬರುವಾಗ, ಜನರಿಗೆ ತಿಳುವಳಿಕೆ ಕೊಡುವುದು ಎಷ್ಟು ಕಷ್ಟದ ಕೆಲಸ ಎಂದು ನನ್ನ ಮೇಲೆಯೇ ಕನಿಕರ ಪಟ್ಟುಕೊಂಡೆ.

ಅದರ ಮರುದಿನ ಬೆಳಿಗ್ಗೆ ಆರೂವರೆಗೆ ಸಂದಿಯಲ್ಲಿ ಅಂಕಿ ಬರೆಯುತ್ತಿದ್ದಾಗ ಪೆನ್ಸಿಲ್ ಕೈಜಾರಿ ಬಿತ್ತು. ಎತ್ತಿಕೊಳ್ಳಲು ಬಾಗಿದವಳು ಗೋಡೆಗೆ ಕೈಯೂರಿದೆ. ಗೋಡೆ ಬೆಚ್ಚಗಿತ್ತು. ರೊಟ್ಟಿಯ ಹಂಚಿನಷ್ಟಲ್ಲ, ಬಿಸಿ ರೊಟ್ಟಿ ಕಟ್ಟಿದ ಬಟ್ಟೆಯಷ್ಟು. ಅಂಗೈಯನ್ನು ಮತ್ತೊಂದು ಕಡೆ ಇಟ್ಟೆ. ಇನ್ನೂ ಬಿಸಿ. ಗೋಡೆಯ ಆಚೆಯಿಂದ ಆಯಿಯ ದನಿ ಬಂತು.

"ನೀರು ಕಾದಾವ್ರಿ ಅಕ್ಕೋರ, ಬರ್ರಿ."

ಆಚೆಗೆ ಇದ್ದದ್ದು ಬಚ್ಚಲಿಗೆ ಹತ್ತಿದ ಕಟ್ಟಿಗೆ ಕೋಣೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ಆಯಿ ಹಂಡೆ ಬೆಳಗಿ, ಕೊರಳಿಗೆ ಹೂವು ಸುತ್ತಿ, ಒಲೆಯನ್ನು ಅಂಗಳದಿಂದ ಆ ಕೋಣೆಗೆ ಬದಲಿಸಿದ್ದರು. ಹೊಸ ಒಲೆಗೆ ಕುಂಕುಮ ಹಚ್ಚುವಾಗ ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತವಳು ನಾನೇ. ಅಂದಿನಿಂದ ದಿನವೂ ಆ ನೀರಿನಲ್ಲಿಯೇ ಸ್ನಾನ ಮಾಡಿದ್ದೇನೆ. ಆ ಕೋಣೆಗೆ ಹಿತ್ತಲಿನಿಂದ ಹೋಗಬೇಕು, ಸಂದಿಗೆ ಅಂಗಳದಿಂದ ಬರಬೇಕು. ಎರಡರ ನಡುವಿನ ಗೋಡೆ ಒಂದೇ ಎಂಬುದು, ವಾರಕ್ಕೆ ನಾಲ್ಕು ತಾಸು ನಕ್ಷೆ ಓದುವುದನ್ನು ಕಲಿಸುವ ನನಗೆ ಹೊಳೆದಿರಲಿಲ್ಲ. ವಹಿ ತೆಗೆದು ನೋಡಿದೆ. ಅಂಕಿ ಏರಿದ್ದು ಸರಿಯಾಗಿ ಹಬ್ಬದ ಮರುದಿನದಿಂದ.

"ಒಲಿ ಯಾಕ ಒಳಗ ತಂದ್ರಿ ಆಯಿ?" ಎಂದು ಕೇಳಿದೆ.

"ನನಗೇನ್ ಕೇಳ್ತೀರಿ. ಹೋದ ವರ್ಷ ಮಾಗ್ಯಾಗ ನಾ ನೀರು ಕಾಸಿಟ್ರ, ಗಂಡಸರು ಮಗ್ಗದಾಗ ಕುಂತಾರಂತ ನೀವು ಅಂಗಳಕ್ಕ ಬರತಿದ್ದಿಲ್ಲ. ತಣ್ಣೀರು ಸುರಕೊಂಡು ಕೆಮ್ಮತಿದ್ರಿ. ಹಂಡೇ ತುಂಬಿದ್ದು ತುಂಬಿದಂಗ ಇರತಿತ್ತು. ಹೆಣ್ಣು ಹುಡುಗಿ, ಬಾಯಿ ಬಿಟ್ಟು ಹೇಳಾಕಿ ಅಲ್ಲ, ಅದಕ ತಂದ್ನಿ."

ನನ್ನ ಸಂಕೋಚ ಯಾರಿಗೂ ಕಾಣುವುದಿಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಅದು ಗೋಡೆ ಬಿಸಿ ಮಾಡಿ, ಗಾಜಿನ ಕಡ್ಡಿಯೊಳಗೆ ಏರಿ, ನನ್ನದೇ ಅಕ್ಷರದಲ್ಲಿ ವಹಿಯಲ್ಲಿ ದಾಖಲಾಗಿತ್ತು.

ಎರಡು ದಿನ ಸುಮ್ಮನಿದ್ದೆ. ಹೇಳಿದರೆ ಗಿಡ ಹೋಗುತ್ತದೆ. ನನ್ನ ಅಂಕಿ ಸುಳ್ಳಾದರೂ ದೊಡ್ಡ ಮಾತು ಸತ್ಯವೇ, ಹಾಗಿರುವಾಗ ಸಣ್ಣ ಸುಳ್ಳನ್ನು ಸರಿಪಡಿಸಿ ಯಾರಿಗೆ ಲಾಭ? ವಾದ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ನನಗೇ ಅನುಮಾನ ಬಂತು. ಮೂರನೆಯ ದಿನ ಮತ್ತೆ ಮಗ್ಗದ ಕೋಣೆಯ ಬಾಗಿಲಿಗೆ ಹೋಗಿ ಎಲ್ಲವನ್ನೂ ಹೇಳಿದೆ, ಸ್ನಾನದ ಮಾತು ಬಿಟ್ಟು. ಅದನ್ನು ಆಯಿ ಹಿಂದಿನಿಂದ ಪೂರ್ತಿ ಮಾಡಿದರು.

ನೇಕಾರರಿಬ್ಬರೂ ಮಗ್ಗದ ಕುಣಿಯಲ್ಲಿ ಕೂತು ಕಣ್ಣೀರು ಬರುವಂತೆ ನಕ್ಕರು. "ಹಂಗಾರ ಜ್ವರಾ ಭೂಮಿಗೆ ಅಲ್ಲ, ಗ್ವಾಡಿಗೆ," ಎಂದ ಒಬ್ಬ.

ಆಯಿಯ ಮಗ ನಗಲಿಲ್ಲ. "ಭೂಮಿ ಕಾದಿಲ್ಲ ಅನ್ರಿ ಹಂಗಾರ."

"ಭೂಮಿ ಕಾಯಾಕತ್ತಿದ್ದು ಖರೇನ್ರಿ. ಆದ್ರ ನನ್ನ ವಹಿ ಅದಕ್ಕ ಸಾಕ್ಷಿ ಅಲ್ಲ."

"ಮತ್ತ ಗಿಡದ ಮಾತು?"

"ಗಿಡದ ಮಾತು ಈ ವಹಿಯೊಳಗ ಇಲ್ರಿ."

ಅಂಗಳದಲ್ಲಿ ರಾಟಿ ನಿಂತಿತು. ಆ ಮನೆಯಲ್ಲಿ ಹಗಲು ಹೊತ್ತು ರಾಟಿ ನಿಂತದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಏನಾದರೂ ಹೇಳಬೇಕಾಗಿತ್ತು. ನನಗೆ ಹೊಳೆದದ್ದು ಥರ್ಮಾಮೀಟರಿನ ಮಾತೇ. ಆಗ ಗಿಡ ಉಳಿಸುವ ಉಪಾಯ ಮಾಡಿದೆ ಎಂದು ಈಗ ಹೇಳಿಕೊಂಡರೆ ಅದು ಇನ್ನೊಂದು ಕೆಂಪು ಮಸಿಯಾದೀತು.

"ಒಲಿ ಮೊದಲಿನಂಗ ಗಿಡದ ಬುಡಕ್ಕ ಹೋಗಲಿ. ನನಗ ತಣ್ಣನ್ನ ಗ್ವಾಡಿ ಬೇಕು," ಎಂದೆ.

ಆಯಿ ತಕ್ಷಣ ಹಿಡಿದುಕೊಂಡರು. "ಕೇಳಿದೇನು? ಅಕ್ಕೋರು ಒಲಿ ಅಂಗಳದಾಗ ಬೇಕಂತಾರ. ಒಲಿ ಇಲ್ಲಿ ಕುಂತ್ರ ನಿನ್ನ ಶೆಡ್ ಎಲ್ಲಿ ಕುಂದರತೈತಿ? ಕಟ್ಟಿಗಿ ಕೋಣಿ ಖಾಲಿ ಆಕೈತಿ. ಅಲ್ಲಿ ಹೂಡು ಮಗ್ಗ."

"ಅಲ್ಲಿ ಒಂದ ಹಿಡೀತೈತಿ ಯವ್ವ. ನಾ ಎರಡು ಅಂದಿದ್ನಿ."

"ಒಂದು ಹೂಡು."

ಅವನು ಗಿಡ ನೋಡಿದ, ತಾಯಿಯನ್ನು ನೋಡಿದ. ಆಮೇಲೆ ನೆಲ ನೋಡುತ್ತ, "ಒಲಿ ಹೊರಗ ಹೋತಂದ್ರ ನೀರು ಹೊರೂರು ಯಾರು? ಅವ್ವನ ಕೈಲೆ ಆಗೂದಿಲ್ಲ," ಎಂದ.

ಯಾರೂ ನನ್ನ ಹೆಸರು ಹೇಳಲಿಲ್ಲ. ನಾಲ್ಕು ಜನ ನನ್ನ ಕಡೆ ನೋಡದೇ ಇರಲು ಪ್ರಯತ್ನಪಟ್ಟರು, ಅದು ನೋಡುವುದಕ್ಕಿಂತ ಹೆಚ್ಚಾಗಿತ್ತು.

"ನಾ ತರ್ತೇನಿ," ಎಂದೆ. ಭಾಷಣಕ್ಕಿಂತ ಈ ಎರಡು ಪದ ಕಷ್ಟವಾದವು.

ಮರುದಿನ ಒಲೆ ಬೇವಿನ ಬುಡಕ್ಕೆ ಬಂತು. ಮೊದಲ ದಿನ ಅರ್ಧ ಬಕೆಟ್ ಅಂಗಳಕ್ಕೇ ಚೆಲ್ಲಿದೆ. ಮಗ್ಗದ ಸದ್ದು ನಿಂತು, ಒಬ್ಬ ಕೇಳಿದ, "ಅಕ್ಕೋರ, ಭೂಮಿ ತಣ್ಣಗಾತೇನ್ರಿ?"

ನಾನು ತಲೆ ಎತ್ತಲಿಲ್ಲ. "ನಿಮ್ಮ ಕಾಲ ಮ್ಯಾಲ ಚೆಲ್ಲಿದ್ರ ಗೊತ್ತಾಕೈತಿ ತಡೀರಿ."

ಅವರು ನಕ್ಕರು. ರೇಡಿಯೋ ಕೆಟ್ಟಿತು ಎಂದೂ ಅಂದರು. ಒಂದು ವಾರದಲ್ಲಿ ಗೋಡೆಯ ಅಂಕಿ ಹಿಂದಿನ ವರ್ಷದ ಮಟ್ಟಕ್ಕೆ ಇಳಿಯಿತು. ಹಾಗೆ ನೋಡಿದರೆ, ಏರಿದ ತಾಪವನ್ನು ಎರಡು ಡಿಗ್ರಿ ಇಳಿಸಿದ ಕೀರ್ತಿಯೂ ನನ್ನದೇ. ಅದೂ ಎಲ್ಲಿಯೂ ದಾಖಲಾಗಿಲ್ಲ.

ಆ ಯುಗಾದಿಗೆ ಆಯಿ ಆ ಗಿಡದ ಹೂವನ್ನೇ ಬೆಲ್ಲಕ್ಕೆ ಬೆರೆಸಿದರು. ಹಬ್ಬದ ಮರುದಿನ ಯಾರೂ ಕೊಡಲಿ ತರಲಿಲ್ಲ. ನಾನು ಇನ್ನೂ ಮೂರು ವರ್ಷ ಆ ಮನೆಯಲ್ಲಿದ್ದೆ, ಆಮೇಲೆ ಬಾದಾಮಿಗೆ ವರ್ಗವಾಯಿತು. ಇಲ್ಲಿಯ ಬಂಡೆಗಳು ಬೇಸಿಗೆಯಲ್ಲಿ ಎಷ್ಟು ಕಾಯುತ್ತವೆಂದರೆ, ಥರ್ಮಾಮೀಟರ್ ಎಲ್ಲಿ ತೂಗುಹಾಕಬೇಕೆಂದು ತಿಳಿಯದೆ ಅದನ್ನು ಪೆಟ್ಟಿಗೆಯಲ್ಲಿಯೇ ಇಟ್ಟಿದ್ದೇನೆ. ಈಗ ವರ್ತಮಾನ ಪತ್ರಿಕೆಗಳೂ ಭೂಮಿ ಬಿಸಿಯಾಗುವ ಸುದ್ದಿ ಬರೆಯತೊಡಗಿವೆ. ಭೂಗೋಳದವಳೆಂದು ಜೊತೆಯ ಶಿಕ್ಷಕರು ನನಗೆ ಕೇಳುತ್ತಾರೆ, ಹೊತ್ತು ಮೀರಿತೇ, ಇನ್ನೂ ಇದೆಯೇ ಎಂದು. ಗೊತ್ತಿಲ್ಲ ಎನ್ನುತ್ತೇನೆ. ಒಲೆಯನ್ನು ಒಳಗಿನಿಂದ ಹೊರಗೆ ಇಡುವುದು ಒಂದು ಗಳಿಗೆಯ ಕೆಲಸ, ಆಮೇಲೆ ದಿನಾ ಎಲ್ಲರೆದುರು ನೀರು ಹೊರುವುದೇ ಕಷ್ಟ. ನನಗೆ ಗೊತ್ತಿರುವುದು ಅಷ್ಟು. ಅದನ್ನು ಅವರಿಗೆ ಹೇಳುವುದಿಲ್ಲ, ಏಕೆಂದರೆ ಸ್ನಾನದಿಂದ ಶುರು ಮಾಡಬೇಕಾಗುತ್ತದೆ.

ಆ ಮೂರು ವರ್ಷ ಚಳಿಗಾಲದ ಬೆಳಿಗ್ಗೆ, ಅಂಕಿ ಬರೆದು ಪೆನ್ಸಿಲ್ ಇಡುವ ಹೊತ್ತಿಗೆ ಸರಿಯಾಗಿ, ಬೇವಿನ ಬುಡದಿಂದ ಆಯಿ ಕೂಗುತ್ತಿದ್ದರು. "ಅಕ್ಕೋರ, ನೀರು ಕಾದಾವ್ರಿ. ಎಷ್ಟೊತ್ತು ಕಾಯಬೇಕು ಅವು?"

ನಾನು ಬಕೆಟ್ ತೆಗೆದುಕೊಂಡು ಹೊರಗೆ ಬರುತ್ತಿದ್ದೆ.