ಕೆರೆ ಸುತ್ತಲಿಕ್ಕೊಂದು ಹಾಲಿನ ಕ್ಯಾನು

ನಮ್ಮ ಕಡೆ ಸೈಕಲ್ಲಿನ ಹಿಂದೆ ಏನಾದರೂ ಇರಲೇಬೇಕು. ಹುಲ್ಲಿನ ಹೊರೆ, ತೆಂಗಿನಕಾಯಿ ಚೀಲ, ಏನೂ ಸಿಗದಿದ್ದರೆ ಹೆಂಡತಿ. ಬರಿಗೈಯಲ್ಲಿ ಸೈಕಲ್ ತುಳಿಯುವವನನ್ನು ಜನ ನಂಬುವುದಿಲ್ಲ. ಐವತ್ತು ವರ್ಷ ಇದೇ ಊರಿನ ನೀರು ಕುಡಿದವನು ನಾನು. ಗೊತ್ತಿದ್ದೂ ಮರೆತೆ.

ಹಾಸನದ ಡಾಕ್ಟರು ನನ್ನ ರಕ್ತದ ಚೀಟಿ ನೋಡಿ, ಸಕ್ಕರೆ ಜಾಸ್ತಿ, ದಿನಾ ನಡೆಯಿರಿ ಎಂದರು. ಮಂಡಿ ನೋವು ಎಂದೆ. ಹಾಗಾದರೆ ಸೈಕಲ್ ತುಳಿಯಿರಿ ಎಂದರು. ಅವತ್ತೇ ಗೇರ್ ಸೈಕಲ್ಲು, ಹೆಲ್ಮೆಟ್ಟು, ಮಂಡಿಯವರೆಗಿನ ಚಡ್ಡಿ, ಎಲ್ಲಾ ಕೊಂಡು ಕಾರಿನ ಮೇಲೆ ಕಟ್ಟಿಕೊಂಡು ಊರಿಗೆ ಬಂದೆ. ನಮ್ಮದು ಹೊಳೆನರಸೀಪುರದ ಪಕ್ಕದ ಹಳ್ಳಿ. ಊರ ಹಿಂದೆ ಗುಡ್ಡ, ಗುಡ್ಡದ ಬುಡದಲ್ಲಿ ಕೆರೆ. ಕೆರೆ ಸುತ್ತ ಈಚೆಗೆ ಸಿಮೆಂಟ್ ಇಟ್ಟಿಗೆ ಹಾಸಿ, ಜನ ನಡೆದಾಡಲಿ ಎಂದು ಚೆಂದದ ದಾರಿ ಮಾಡಿದ್ದಾರೆ. ಜನ ಅದರ ಮೇಲೆ ರಾಗಿ ಒಣಗಿಸುತ್ತಾರೆ.

ಮೊದಲ ದಿನವೇ ಹುಲ್ಲು ಕೊಯ್ಯುತ್ತಿದ್ದ ಅಜ್ಜಿ ಕುಡುಗೋಲು ನಿಲ್ಲಿಸಿ ಕೇಳಿತು. "ಯಾಕಣ್ಣಯ್ಯ, ಕಾರ್ ಮಾರ್ಬುಟ್ಯಾ?"

"ಇಲ್ಲ ಕಣಜ್ಜಿ, ಸುಮ್ಕೆ."

"ಸುಮ್ಕೆ ಯಾರಾನಾ ತುಳೀತಾರಾ?"

ನಾಲ್ಕನೇ ಸುತ್ತಿಗೆ ಅದಕ್ಕೆ ತಡೆಯಲಾಗಲಿಲ್ಲ. "ಅರಕೆ ಗಿರಕೆ ಒತ್ಕಂಡಿದ್ದೀಯಾ? ಅಂಗಾದ್ರೆ ಕೆರೆ ಬಲಕ್ಕಿರ್ಬೇಕು ಕಣಪ್ಪ. ಎಡಕ್ಕಿಟ್ಕಂಡ್ ಸುತ್ತುದ್ರೆ ಒಳ್ಳೇದಲ್ಲ."

ಮಾರನೇ ದಿನದಿಂದ ಕೆರೆಯನ್ನು ಬಲಕ್ಕಿಟ್ಟುಕೊಂಡೇ ಸುತ್ತಿದೆ. ವಿಜ್ಞಾನ ಓದಿದವನು ನಾನು. ಆದರೂ ಸುಮ್ಮನೆ ಯಾಕೆ ರಿಸ್ಕು?

ಇದೇ ಹೊತ್ತಿನಲ್ಲಿ ಮಗಳಿಗೆ ಅರಕಲಗೂಡು ಕಡೆಯ ಸಂಬಂಧ ಕೂಡಿಬರುತ್ತಿತ್ತು. ಹುಡುಗ ಬಂದು ನೋಡಿ ಹೋಗಿದ್ದ. ಇಬ್ಬರಿಗೂ ಒಪ್ಪಿಗೆಯಾಗಿ, ಮಗಳು ಫೋನ್ ಹಿಡಿದು ಹಿತ್ತಲಿಗೆ ಹೋದರೆ ಕಾಫಿ ಆರಿದರೂ ಒಳಗೆ ಬರುತ್ತಿರಲಿಲ್ಲ. ತಾಂಬೂಲ ಬದಲಾಯಿಸುವುದೊಂದು ಬಾಕಿ. ಅದಕ್ಕೆ ಮುಂಚೆ ನಮ್ಮಲ್ಲಿ ಒಂದು ಪದ್ಧತಿ. ಗಂಡಿನ ಕಡೆಯವರೊಬ್ಬರು ಯಾರಿಗೂ ಹೇಳದೆ ಹೆಣ್ಣಿನ ಊರಿಗೆ ಬಂದು, ಟೀ ಅಂಗಡಿಯಲ್ಲಿ ಕೂತು, ಆ ಮನೆಯವರು ಹೇಗೆ ಎಂದು ವಿಚಾರಿಸುವುದು. ಹೆಣ್ಣಿನ ಕಡೆಯವರೂ ಇದನ್ನೇ ಮಾಡುತ್ತಾರೆ. ನಾನೂ ಅರಕಲಗೂಡಿಗೆ ಹೋಗಿ ಮೂರು ಟೀ ಕುಡಿದು ಬಂದಿದ್ದೆ, ಅದೂ ಸಕ್ಕರೆ ಹಾಕಿದ್ದು.

ನಮ್ಮೂರಿಗೆ ಬಂದದ್ದು ಹುಡುಗನ ದೊಡ್ಡಪ್ಪ. ಹೆಣ್ಣು ನೋಡಲು ಬಂದಿರಲಿಲ್ಲವಾದ್ದರಿಂದ ನನಗೆ ಅವರ ಗುರುತಿಲ್ಲ. ಕೆರೆ ಏರಿಯ ಮೇಲಿನ ಟೀ ಅಂಗಡಿಯವನು ನನ್ನ ಜೊತೆ ಓದಿದವನು. ನನ್ನನ್ನು ಎಷ್ಟು ಹೊಗಳಿದನೆಂದು ಆಮೇಲೆ ಅವನೇ ಹೆಮ್ಮೆಯಿಂದ ಒಪ್ಪಿಸಿದ.

"ಬಂಗಾರದಂತ ಜನ ಸಾ ಅಂದೆ ಕಣ್ಲಾ. ತ್ವಾಟ ಐತೆ, ಮನೆ ಐತೆ, ಯಜಮಾನ್ರು ಮಾತ್ರ ಈಚೆಗೆ ಒಂದ್ ತರ ಆಗವ್ರೆ ಅಂದೆ. ಅಗಾ ನೋಡಿ, ಅಲ್ಲೇ ಸುತ್ತುತಾವ್ರೆ ಅಂತ ತೋರುಸ್ದೆ."

ದೊಡ್ಡಪ್ಪ ಐದು ಸುತ್ತು ಎಣಿಸಿದರಂತೆ. ಚಡ್ಡಿಯನ್ನೂ ನೋಡಿದರಂತೆ. ಆಮೇಲೆ ಅರಕಲಗೂಡಿಂದ ಫೋನೇ ಇಲ್ಲ. ವಾರ ಕಳೆದ ಮೇಲೆ ಮಗಳು ಊದಿದ ಕಣ್ಣಲ್ಲಿ ಬಂದು ನಿಂತಳು.

"ಅಪ್ಪ, ಹುಚ್ಚು ನಮ್ಮ ವಂಶದಲ್ಲೇ ಐತಾ ಅಂತ ಅವ್ರ ದೊಡ್ಡಪ್ಪ ಕೇಳ್ತಾವ್ರಂತೆ."

ನಾನು ನಕ್ಕೆ. ಅವಳು ನಗಲಿಲ್ಲ. ನನ್ನ ಹೆಂಡತಿಯಂತೂ ಒಗ್ಗರಣೆ ಸೌಟನ್ನೇ ತೋರಿಸಿದಳು. "ಮದ್ವೆ ಆಗೋಗಂಟ ಆ ಸೈಕಲ್ ಮುಟ್ಬೇಡಿ!"

"ಸಕ್ಕರೆ ಏರ್ತದಲ್ಲೇ."

"ಅಂಗಾದ್ರೆ ಹಿಂದಕ್ಕೊಂದು ಕ್ಯಾನ್ ಕಟ್ಕಳಿ."

ಬೈದದ್ದೋ ಬುದ್ಧಿ ಹೇಳಿದ್ದೋ ತಿಳಿಯಲಿಲ್ಲ. ಆದರೂ ಗೇರ್ ಸೈಕಲ್ಲಿಗೆ ಕ್ಯಾರಿಯರ್ ಕೂರಿಸಿ, ಅಟ್ಟದಲ್ಲಿದ್ದ ಹಳೇ ಹಾಲಿನ ಕ್ಯಾನನ್ನು ಟ್ಯೂಬಿನಿಂದ ಬಿಗಿದೆ. ಹಸು ಮಾರಿ ಎಷ್ಟೋ ವರ್ಷವಾಗಿತ್ತು. ಚಡ್ಡಿಯ ಜಾಗಕ್ಕೆ ಪಂಚೆ ಬಂತು.

ಮಾರನೇ ದಿನ ಅಜ್ಜಿ ತಲೆ ಎತ್ತಿ, "ಡೈರಿಗಾ?" ಎಂದಿತು. "ಹ್ಞೂಂ" ಎಂದೆ. ಅಷ್ಟೇ. ಡೈರಿ ಇರುವುದು ಊರಿನ ಆ ಕಡೆ. ನಾನು ಐದು ಸಲ ಅದೇ ಅಜ್ಜಿಯ ಮುಂದೆ ಹಾದುಹೋದೆ. ಕುಡುಗೋಲು ಒಂದು ಸಲವೂ ನಿಲ್ಲಲಿಲ್ಲ.

ಅಷ್ಟರಲ್ಲಿ ಹುಡುಗ ಹಟ ಹಿಡಿದು, ಇನ್ನೊಂದು ಸಲ ಹೋಗಿ ನೋಡು ಎಂದು ದೊಡ್ಡಪ್ಪನನ್ನು ಮತ್ತೆ ಕಳಿಸಿದ್ದ. ಒಂದು ಬೆಳಿಗ್ಗೆ ಬಿಳಿ ಪಂಚೆಯ ಹಿರಿಯರೊಬ್ಬರು ದಾರಿಗೆ ಅಡ್ಡ ನಿಂತು ಕೈ ತೋರಿಸಿದರು.

"ಅರಕಲಗೂಡಿಂದ ಬಂದೆ. ಉಡುಗನ ದೊಡ್ಡಪ್ಪ." ಕ್ಯಾನಿನ ಕಡೆ ನೋಡಿ ಮುಖ ಸ್ವಲ್ಪ ಸಡಿಲಾಯಿತು. "ಓ, ಆಲು ಆಕ್ತೀರಾ! ನಾನು ಅವತ್ತು ಬೇರೆ ತಿಳ್ಕಂಡಿದ್ದೆ. ಎಷ್ಟ್ ಲೀಟ್ರು?"

ಹತ್ತು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಬೀಗರು ನಾಳೆ ಮನೆಗೆ ಬಂದರೆ ಕೊಟ್ಟಿಗೆಯಲ್ಲಿ ಯಾರನ್ನು ತೋರಿಸಲಿ? ಸುಳ್ಳಿನ ಮೇಲೆ ಮಗಳನ್ನು ಕೊಟ್ಟರೆ ಆ ಸುಳ್ಳಿನ ಜೊತೆ ಬಾಳಬೇಕಾದವಳು ಅವಳು. ಕ್ಯಾನಿನ ಮೇಲೆ ಬೆರಳಲ್ಲಿ ಬಡಿದೆ. ಟಣ್ ಎಂದಿತು.

"ಖಾಲಿ. ಸಕ್ಕರೆ ಕಾಯ್ಲೆ. ಡಾಕ್ಟ್ರು ತುಳೀರಿ ಅಂದ್ರು, ತುಳೀತಾ ಇದೀನಿ. ಊರ್ನೋರು ಹುಚ್ಚ ಅಂತಾರಲ್ಲ ಅಂತ ಇದನ್ನ ಕಟ್ಕಂಡೆ."

ದೊಡ್ಡಪ್ಪ ಆ ಕಡೆ ಈ ಕಡೆ ನೋಡಿದರು. ಒಂದು ಹೆಜ್ಜೆ ಹತ್ತಿರ ಬಂದರು.

"ನಂಗೂ ಐತೆ," ಎಂದರು ಮೆಲ್ಲಗೆ. "ನಡೀರಿ ಅಂದವ್ರೆ. ಬೀದೀಲಿ ನಡುದ್ರೆ 'ಎಲ್ಲಿಗ್ ಒಂಟ್ರಿ, ಯಾಕ್ ಒಂಟ್ರಿ' ಅಂತಾರೆ. ಅದ್ಕೆ ಬಾಗ್ಲಾಕ್ಕಂಡು ಟೆರೇಸ್ ಮ್ಯಾಲೆ ಸುತ್ತೀನಿ. ಗಾಣದೆತ್ತಿನಂಗೆ."

ಆಮೇಲೆ ಗಂಟಲು ಸರಿಮಾಡಿಕೊಂಡು, ಗಂಡಿನ ಕಡೆಯವರ ಗತ್ತಿನಲ್ಲೇ ತೀರ್ಪು ಕೊಟ್ಟರು. "ವಂಶದಲ್ಲಿ ಹುಚ್ಚಿಲ್ಲ, ಸಕ್ಕರೆ ಐತೆ. ಅದು ನಮ್ಮಲ್ಲೂ ಐತೆ. ಸಂಬಂಧ ಕೂಡ್ತು ಬುಡಿ."

ತಾಂಬೂಲದ ದಿನ ಅವರು ಎಲ್ಲರೆದುರು ಬಾಯಿತುಂಬ, "ನಮಗೇನೂ ಬ್ಯಾಡ, ಎಣ್ಣು ಕೊಟ್ರೆ ಸಾಕು" ಎಂದರು. ಊಟವಾದ ಮೇಲೆ ನನ್ನನ್ನು ಹಿತ್ತಲಿಗೆ ಕರೆದರು.

"ಬೀಗ್ರೇ, ಅಟ್ಟದಲ್ಲಿ ಅಂತದ್ದೇ ಇನ್ನೊಂದು ಕ್ಯಾನ್ ಐತಾ?"

ಇತ್ತು. ತೊಳೆದು ಕೊಟ್ಟೆ.